ಕಲ್ಯಾಣದಲ್ಲಿ ಅಂಜದೆ ನಿಂತವರು



‘ದೇವರಿದ್ದಾನೆ, ಅಂಜಬೇಡ’ ಎಂದು ಹೇಳುವುದು ಬಹಳ ಸುಲಭ. ಮಠದ ಗದ್ದುಗೆಯ ಮೇಲೆ ಕುಳಿತು ಹೇಳುವುದಂತೂ ಇನ್ನೂ ಸುಲಭ. ಆದರೆ ಕೇಳುವವನ ಪರಿಸ್ಥಿತಿ ಬೇರೆ ಇರುತ್ತದೆ. ಅವನು ಸಾಲ ಕೊಟ್ಟವನ ಬೆದರಿಕೆಗೆ ಸಿಕ್ಕಿರಬಹುದು, ಹೊಲದ ಬದುವಿಗಾಗಿ ಬಡಿಗೆ ಹಿಡಿದು ನಿಂತ ದಾಯಾದಿಯ ಎದುರಿಗೆ ನಿಂತಿರಬಹುದು, ಊರವರೆಲ್ಲ ಸೇರಿ ‘ನಿನ್ನನ್ನು ಹೊರಗಿಡುತ್ತೇವೆ’ ಎಂದು ಹೇಳಿಸಿಕೊಂಡು ಬಂದಿರಬಹುದು. ಅಂಥವನು ನಮ್ಮ ಮಾತನ್ನು ಕೇಳಿ, ಕೈಮುಗಿದು, ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾನೆ: ‘ಅಜ್ಜಾರ, ಹರಳಯ್ಯನವರೂ ದೇವರನ್ನು ನಂಬಿದ್ದರಲ್ಲ? ಅವರನ್ನು ದೇವರು ಯಾಕೆ ಉಳಿಸಲಿಲ್ಲ?’

ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸಬಾರದು. ಕೇಳಿದವನು ನಾಸ್ತಿಕನಲ್ಲ, ನಿಜವಾಗಿ ನಂಬಬೇಕೆಂದು ಹಂಬಲಿಸುವವನೇ ಹೀಗೆ ಕೇಳುತ್ತಾನೆ. ಇದಕ್ಕೆ ಪವಾಡದ ಕಥೆ ಹೇಳಿ ಪಾರಾಗುವುದೂ ಸರಿಯಲ್ಲ. ಕಲ್ಯಾಣದಲ್ಲಿ ಏನು ನಡೆಯಿತು, ಯಾರು ಯಾರನ್ನು ಬೆದರಿಸಿದರು, ಬೆದರಿಸಿದವನ ಸ್ಥಿತಿ ಏನಾಗಿತ್ತು ಎಂಬುದನ್ನು ಮೊದಲು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಆಹವಮಲ್ಲ ಸೋಮೇಶ್ವರನು ಮಳಖೇಡದಿಂದ ಚಾಲುಕ್ಯರ ರಾಜಧಾನಿಯನ್ನು ಅಲ್ಲಿಗೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ, ಐವತ್ತು ವರ್ಷ, ಆ ಪಟ್ಟಣದಿಂದ ರಾಜ್ಯವಾಳಿದನು. ಅವನ ತರುವಾಯ ಚಾಲುಕ್ಯರ ಕೈ ಸಡಿಲವಾಯಿತು. ಮೂರನೆಯ ತೈಲಪನ ಕಾಲಕ್ಕೆ ಸಾಮ್ರಾಟನೆಂಬ ಹೆಸರು ಉಳಿದಿತ್ತು, ಹಿಡಿತ ಉಳಿದಿರಲಿಲ್ಲ. ಆಗ ಮಂಗಳವಾಡದಲ್ಲಿದ್ದ ಕಲಚುರಿ ಮಾಂಡಲಿಕ ಬಿಜ್ಜಳನು ಮೇಲೆದ್ದನು. ಮಂಗಳವಾಡವೆಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. 1157ರ ಸುಮಾರಿನಿಂದ ತನ್ನ ಬಲವನ್ನು ಬೆಳೆಸುತ್ತ ಬಂದು, 1162ರ ಹೊತ್ತಿಗೆ ಒಡೆಯನ ಸಿಂಹಾಸನದ ಮೇಲೆ ತಾನೇ ಕುಳಿತನು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬಿಜ್ಜಳನ ಸಿಂಹಾಸನ ತಂದೆಯಿಂದ ಬಂದದ್ದಲ್ಲ, ಒಡೆಯನಿಂದ ಕಿತ್ತುಕೊಂಡದ್ದು. ಕಿತ್ತುಕೊಂಡ ವಸ್ತುವಿನ ಮೇಲೆ ಕುಳಿತವನಿಗೆ ನಿದ್ದೆ ಎಲ್ಲಿಯದು? ತಾನು ಮಾಡಿದ್ದನ್ನೇ ಇನ್ನೊಬ್ಬ ಮಾಂಡಲಿಕ ತನಗೆ ಮಾಡಬಹುದು. ಚಾಲುಕ್ಯ ವಂಶದ ಕುಡಿ ಎಲ್ಲಿಯೋ ಇದೆ. ಅರಮನೆಯ ಸುತ್ತ ಇರುವ ಹಳೆಯ ಮನೆತನಗಳು, ಅಗ್ರಹಾರಗಳು, ಅಧಿಕಾರಿಗಳು ಒಪ್ಪಿದರೆ ಮಾತ್ರ ಅವನು ಅರಸು, ಒಪ್ಪದಿದ್ದರೆ ದ್ರೋಹಿ. ಆದ್ದರಿಂದ ಅವನಿಗೆ ಎಲ್ಲರ ಮರ್ಜಿ ಬೇಕಾಗಿತ್ತು. ಮುಂದೆ ಅವನು ಕೊಟ್ಟ ಕ್ರೂರವಾದ ಆಜ್ಞೆಗೆ ಮೂಲ ಅವನ ಬಲವಲ್ಲ, ಈ ದುರ್ಬಲತೆ ಎಂದೇ ನಮ್ಮ ಅಭಿಪ್ರಾಯ.

ಬಿಜ್ಜಳನನ್ನು ರಾಕ್ಷಸನನ್ನಾಗಿ ಚಿತ್ರಿಸುವ ರೂಢಿ ನಮ್ಮ ಪ್ರವಚನಕಾರರಲ್ಲಿದೆ. ಅದು ಅಷ್ಟು ಸರಿಯಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಕಾಲದ ಒಂದು ಶಾಸನವಿದೆ. ಅದರಲ್ಲಿ ಇದೇ ಬಿಜ್ಜಳನು ಏಕಾಂತದ ರಾಮಯ್ಯನೆಂಬ ಶಿವಶರಣನ ವಾದವನ್ನು ಸಭೆಯಲ್ಲಿ ಕೇಳಿ, ಅವನಿಗೆ ಜಯಪತ್ರ ಕೊಟ್ಟ ವಿಷಯವಿದೆ. ಬಸವಣ್ಣನವರನ್ನು ಭಂಡಾರಿಯನ್ನಾಗಿ ಮಾಡಿಕೊಂಡವನೂ ಅವನೇ. ಯೋಗ್ಯರನ್ನು ಗುರುತಿಸುವ ಕಣ್ಣು ಅವನಿಗಿತ್ತು. ಒಳ್ಳೆಯದನ್ನು ಗುರುತಿಸಬಲ್ಲವನು ಕೂಡ ಭಯಕ್ಕೆ ಒಳಗಾದರೆ ಎಷ್ಟು ಕೆಳಗೆ ಇಳಿಯುತ್ತಾನೆ ಎಂಬುದನ್ನು ನಾವು ಈ ಅರಸನಲ್ಲಿ ಕಾಣುತ್ತೇವೆ. ಮೊದಲಿನಿಂದಲೂ ರಾಕ್ಷಸನೇ ಆಗಿದ್ದರೆ ಅದರಲ್ಲಿ ಕಲಿಯುವುದೇನಿತ್ತು?

ಬಸವಣ್ಣನವರ ಮೇಲೆ ಬೆದರಿಕೆ ಒಂದೇ ದಿನ ಬಂದದ್ದಲ್ಲ. ಮೊದಲು ಬಂದದ್ದು ಚಾಡಿಯ ರೂಪದಲ್ಲಿ. ಅರಮನೆಯ ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಅರಸನ ಕಿವಿಗೆ ಊದಿದರು. ಲೆಕ್ಕ ತೆಗೆಸಿದರು. ಎಣಿಸಿ ನೋಡಿದರೆ ಹೊನ್ನು ಹಾಗೆಯೇ ಇತ್ತು. ಹರಿಹರನು ಬಸವರಾಜದೇವರ ರಗಳೆಯಲ್ಲಿ ಇದನ್ನು ಬಹು ಸೊಗಸಾಗಿ ಹೇಳಿದ್ದಾನೆ. ಹರಿಹರನಿಗೆ ಅದು ಸಂಗಮದೇವನ ಕೃಪೆ. ನಾವಿಲ್ಲಿ ಇನ್ನೊಂದು ಅಂಶವನ್ನೂ ನೋಡಬೇಕು. ಲೆಕ್ಕ ಶುದ್ಧವಾಗಿದ್ದವನಿಗೆ ಲೆಕ್ಕ ಕೇಳಿದರೆ ಭಯವೇಕೆ? ದೇವರ ಮೇಲಿನ ನಂಬಿಕೆಗೂ ಕೈಯ ಶುದ್ಧಿಗೂ ನಂಟಿದೆ. ಕೈ ಕೊಳೆ ಮಾಡಿಕೊಂಡು ‘ದೇವರೇ ಕಾಪಾಡು’ ಎನ್ನುವವನ ಮೊರೆ ಬೇರೆ, ಬಸವಣ್ಣನವರ ಧೈರ್ಯ ಬೇರೆ. ಭಂಡಾರ ನಡೆಸುವವರು, ಸಹಕಾರಿ ಸಂಘ ನಡೆಸುವವರು, ಮಠದ ದಾಸೋಹದ ಲೆಕ್ಕ ಬರೆಯುವವರು, ಎಲ್ಲರೂ ಈ ಕಥೆಯನ್ನು ಆಗಾಗ ಓದುವುದು ಒಳ್ಳೆಯದು!

ಇನ್ನು ಮುಖ್ಯ ಘಟನೆಗೆ ಬರೋಣ.

ಮಹಾಮನೆಗೆ ಬಂದವರಲ್ಲಿ ಡೋಹರ ಕಕ್ಕಯ್ಯನಿದ್ದ, ಅಂಬಿಗರ ಚೌಡಯ್ಯನಿದ್ದ, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದ, ಅಕ್ಕಿ ಆಯುವ ಮಾರಯ್ಯ, ಅವನ ಹೆಂಡತಿ ಲಕ್ಕಮ್ಮ ಇದ್ದರು. ಅವರ ನಡುವೆ ಸಮಗಾರ ಕಾಯಕದ ಹರಳಯ್ಯ, ಅವನ ಧರ್ಮಪತ್ನಿ ಕಲ್ಯಾಣಮ್ಮ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಲಿಂಗದೀಕ್ಷೆ ಪಡೆದು ಶರಣನಾದ ಮಧುವರಸನೂ ಅಲ್ಲಿದ್ದ. ಅವನು ಬಿಜ್ಜಳನ ಮಂತ್ರಿಗಳಲ್ಲಿ ಒಬ್ಬನೆಂದು ಪುರಾಣಗಳು ಹೇಳುತ್ತವೆ. ಹರಳಯ್ಯನು ಒಮ್ಮೆ ‘ಶರಣು’ ಎಂದದ್ದಕ್ಕೆ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಎರಡು ಸಲ ವಂದಿಸಿದರಂತೆ. ಹೆಚ್ಚಾದ ಆ ಒಂದು ಶರಣು ತನ್ನ ತಲೆಯ ಮೇಲೆ ಹೊರಲಾರದ ಭಾರವಾಯಿತೆಂದು ಬಗೆದು, ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿ ತಂದರು. ಆ ಕಥೆ ನಿಮಗೆಲ್ಲ ಗೊತ್ತೇ ಇದೆ, ಹೆಚ್ಚು ಹೇಳುವುದಿಲ್ಲ.

ಹರಳಯ್ಯನ ಮಗ ಶೀಲವಂತ, ಮಧುವರಸನ ಮಗಳು ಲಾವಣ್ಯ. ಇಬ್ಬರಿಗೂ ಮದುವೆಯಾಯಿತು. ಮದುವೆ ಎಂದ ಮೇಲೆ ಎಲ್ಲ ಊರಿನಲ್ಲಿ ನಡೆಯುವಂಥದೇ: ಹಂದರ ಹಾಕಿದರು, ಅಡಿಗೆ ಮಾಡಿದರು, ಬಂದವರಿಗೆ ಪ್ರಸಾದ ನೀಡಿದರು. ಆದರೆ ಆ ಹಂದರದ ಕೆಳಗೆ ಸಾವಿರಾರು ವರ್ಷದ ಒಂದು ಗೋಡೆ ಬಿದ್ದಿತ್ತು. ವೇದಿಕೆಯ ಮೇಲೆ ಸಮಾನತೆಯ ಮಾತು ಆಡುವವರನ್ನು ಯಾವ ಅರಸನೂ ಕೊಲ್ಲುವುದಿಲ್ಲ. ಕೂಡಿ ಕುಳಿತು ಅನುಭಾವ ಮಾಡಿದರೂ ಸಹಿಸಿಕೊಂಡಾರು. ಬೀಗತನ ಬೆಳೆಸಿದರೆ ಮಾತ್ರ ಸಹಿಸಲಾರರು. ಏಕೆಂದರೆ ಬೀಗತನ ಮುಂದಿನ ತಲೆಮಾರಿಗೆ ಹೋಗುವ ಮಾತು. ಅಲ್ಲಿಯವರೆಗೆ ಬಸವಣ್ಣನವರ ಮೇಲೆ ಸಿಟ್ಟಿದ್ದವರು ಅನೇಕರು. ಆ ಸಿಟ್ಟು ಒಟ್ಟುಗೂಡಿ ಅರಮನೆಯ ಬಾಗಿಲಿಗೆ ಬಂದದ್ದು ಈ ಮದುವೆಯ ನಂತರ.

ವರ್ಣಸಂಕರವಾಯಿತು, ಧರ್ಮ ಕೆಟ್ಟಿತು, ಅರಸನಾದ ನೀನು ಸುಮ್ಮನಿದ್ದರೆ ರಾಜ್ಯ ಉಳಿಯದು ಎಂದು ದೂರಿದರು. ಕೊನೆಯ ಮಾತು ಬಿಜ್ಜಳನಿಗೆ ತಾಗಬೇಕಾದ ಕಡೆಗೇ ತಾಗಿತು. ಬಸವಣ್ಣನವರನ್ನು ಕರೆಸಿ ಕೇಳಿದನು. ಶರಣರ ವಾದ ನೇರವಾಗಿತ್ತು: ಇಷ್ಟಲಿಂಗ ಅಂಗದ ಮೇಲೆ ಬಂದ ಬಳಿಕ ಹಿಂದಿನ ಕುಲ ಅಳಿಯಿತು, ಇವನು ಸಮಗಾರನಲ್ಲ, ಅವನು ಬ್ರಾಹ್ಮಣನಲ್ಲ, ಇಬ್ಬರೂ ಲಿಂಗವಂತರು, ಹಾಗಿದ್ದ ಮೇಲೆ ಸಂಕರವೆಲ್ಲಿಂದ ಬಂತು? ವಾದಕ್ಕೆ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಡೆ ಅಧಿಕಾರ ಏನು ಮಾಡುತ್ತದೆಯೋ ಅದನ್ನೇ ಮಾಡಿತು.

ಹರಳಯ್ಯ, ಮಧುವಯ್ಯಗಳಿಗೆ ಕೊಟ್ಟ ಶಿಕ್ಷೆಯನ್ನು ಕವಿಗಳು ಒಂದೇ ರೀತಿಯಾಗಿ ಹೇಳಿಲ್ಲ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಬರೆದ ಕನ್ನಡ ಬಸವಪುರಾಣದಲ್ಲಿಯೂ ಅವರ ಕಣ್ಣು ಕೀಳಿಸಿದ ಪ್ರಸಂಗವಿದೆ. ನಮ್ಮ ಜನ ಹಾಡಿಕೊಂಡು ಬಂದದ್ದು ಎಳೆಹೂಟೆಯ ಕಥೆ: ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಯಲ್ಲಿ ಎಳೆಸಿದರೆಂಬ ಕಥೆ. ಹರಿಹರನ ರಗಳೆ ಪೂರ್ತಿಯಾಗಿ ದೊರೆತಿಲ್ಲ; ದೊರೆತ ಭಾಗದಲ್ಲಿ ಈ ಕೊನೆಯ ದಿನಗಳಿಲ್ಲ. ಕಥೆಗಳಲ್ಲಿ ಭೇದವಿದ್ದರೂ ಒಂದು ವಿಷಯದಲ್ಲಿ ಭೇದವಿಲ್ಲ. ಶಿಕ್ಷೆಯನ್ನು ಮರೆಯಲ್ಲಿ ಕೊಡಲಿಲ್ಲ, ಗುಟ್ಟಾಗಿ ಕೊಡಲಿಲ್ಲ. ಬೀದಿಯಲ್ಲಿ ಎಳೆಸುವುದೆಂದರೆ ಸಾಯುವವನಿಗೆ ಕೊಡುವ ಶಿಕ್ಷೆ ಮಾತ್ರವಲ್ಲ; ಬಾಗಿಲಲ್ಲಿ ನಿಂತು ನೋಡುವವರಿಗೆ ಕೊಡುವ ಎಚ್ಚರಿಕೆ. ‘ನಾಳೆ ನಿನಗೂ ಇದೇ ಗತಿ’ ಎಂದು ಡಂಗುರ ಹೊಡೆದ ಹಾಗೆ. ಬೆದರಿಕೆಯ ಶಾಸ್ತ್ರವೇ ಹೀಗೆ: ಇಬ್ಬರನ್ನು ಕೊಂದು ಇಪ್ಪತ್ತು ಸಾವಿರ ಮಂದಿಯ ಬೆನ್ನೆಲುಬು ಮುರಿಯುವುದು.

ಈಗ ಆ ಪ್ರಶ್ನೆಗೆ ಬರೋಣ. ದೇವರು ಏಕೆ ಉಳಿಸಲಿಲ್ಲ?

ಹರಳಯ್ಯನಿಗೆ ಬದುಕುವ ದಾರಿ ಇರಲಿಲ್ಲವೆ? ಇತ್ತು. ಬಹಳ ಹಗುರವಾದ ದಾರಿ ಇತ್ತು. ‘ಇದು ಮದುವೆಯಲ್ಲ, ತಪ್ಪಾಯಿತು, ನಾನು ನನ್ನ ಕೇರಿಗೆ ಹೋಗುತ್ತೇನೆ, ಅವರು ಅವರ ಮನೆಗೆ ಹೋಗಲಿ’ ಎಂದು ಅಡ್ಡಬಿದ್ದಿದ್ದರೆ ಆಗುತ್ತಿತ್ತು. ಅರಸನಿಗೆ ಬೇಕಾದದ್ದೂ ಅದೇ. ಅವನಿಗೆ ಹರಳಯ್ಯನ ಪ್ರಾಣ ತೆಗೆದುಕೊಂಡು ಆಗಬೇಕಾದದ್ದೇನು? ಅವನಿಗೆ ಬೇಕಾದದ್ದು ಹರಳಯ್ಯನ ಬಾಯಿಂದ ‘ನಾನು ಸಮಗಾರ’ ಎಂಬ ಒಂದು ಮಾತು. ಆ ಮಾತು ಬರಲಿಲ್ಲ. ಮಧುವಯ್ಯನಿಗಂತೂ ಬಿಡುಗಡೆ ಇನ್ನೂ ಸುಲಭವಿತ್ತು. ಹುಟ್ಟಿದ ಕುಲ ಅವನನ್ನು ಮರಳಿ ಸೇರಿಸಿಕೊಳ್ಳಲು ಒಂದು ಪ್ರಾಯಶ್ಚಿತ್ತ ಸಾಕಾಗುತ್ತಿತ್ತು. ಅವನಿಂದಲೂ ‘ನಾನು ಬೇರೆ’ ಎಂಬ ಮಾತು ಬರಲಿಲ್ಲ. ನಾವು ಹರಳಯ್ಯನನ್ನು ನೆನೆಯುವಷ್ಟು ಮಧುವಯ್ಯನನ್ನು ನೆನೆಯುವುದಿಲ್ಲ. ನೆನೆಯಬೇಕು. ಕೆಳಗಿದ್ದವನು ಮೇಲೆ ಬಂದು ಅಲ್ಲಿಯೇ ನಿಂತದ್ದು ದೊಡ್ಡದು; ಮೇಲಿದ್ದವನು ಇಳಿದು ಬಂದು, ಏಣಿ ಕಣ್ಣೆದುರಿಗೇ ಇದ್ದರೂ ಹತ್ತದೆ ಹೋದದ್ದು ಅದಕ್ಕಿಂತ ಚಿಕ್ಕದಲ್ಲ.

ದೇವರನ್ನು ನಂಬುವುದೆಂದರೆ ಏನೆಂದು ನಾವು ತಿಳಿದಿದ್ದೇವೆ? ನಾನು ನಿನ್ನನ್ನು ನಂಬುತ್ತೇನೆ, ಅದಕ್ಕೆ ಬದಲಾಗಿ ನೀನು ನನ್ನ ಮೈಗೆ ಗಾಯವಾಗದಂತೆ ನೋಡಿಕೋ ಎಂಬ ಕರಾರು ಎಂದು ತಿಳಿದಿದ್ದೇವೆ. ಇದು ಸಂತೆಯ ವ್ಯಾಪಾರ. ಲಿಂಗದೊಡನೆ ವ್ಯಾಪಾರ ಮಾಡಿದ್ದರೆ ಹರಳಯ್ಯನು ನಷ್ಟಕ್ಕೆ ಬಿದ್ದನೆಂದೇ ಹೇಳಬೇಕಾಗುತ್ತದೆ. ಆದರೆ ಅವನು ಕರಾರು ಮಾಡಿಕೊಂಡಿರಲಿಲ್ಲ. ಬೆದರಿಕೆ ಯಾವುದರ ಮೇಲೆ ನಡೆಯುತ್ತದೆ? ನಾವು ಗಟ್ಟಿಯಾಗಿ ಹಿಡಿದುಕೊಂಡ ವಸ್ತುವಿನ ಮೇಲೆ. ಹೊಲ ಹಿಡಿದವನಿಗೆ ಹೊಲ ಕಸಿಯುವ ಬೆದರಿಕೆ, ಮಾನ ಹಿಡಿದವನಿಗೆ ಮಾನ ತೆಗೆಯುವ ಬೆದರಿಕೆ, ಪ್ರಾಣ ಹಿಡಿದವನಿಗೆ ಪ್ರಾಣದ ಬೆದರಿಕೆ. ಲಿಂಗವನ್ನು ಹಿಡಿದವನಿಗೆ ಯಾವ ಬೆದರಿಕೆ ಹಾಕುತ್ತೀರಿ? ಅಂಗೈಯ ಲಿಂಗವನ್ನು ಅರಸನು ಕಿತ್ತೊಗೆಸಬಹುದು; ಹರಳಯ್ಯನು ಲಿಂಗವಂತನೆಂಬುದನ್ನು ಕಿತ್ತೊಗೆಯಲು ಹರಳಯ್ಯನೇ ಬೇಕು. ಅಲ್ಲಿ ಬಿಜ್ಜಳನ ಕೈ ಸೋತಿತು. ಉಳಿಸುವುದೆಂಬ ಮಾತಿಗೆ ಇದೂ ಒಂದು ಅರ್ಥ.

ಈ ಉತ್ತರದಿಂದ ಎಲ್ಲರಿಗೂ ಸಮಾಧಾನವಾಗುತ್ತದೆಂದು ನಾವು ಹೇಳುವುದಿಲ್ಲ. ಕಲ್ಯಾಣಮ್ಮನಿಗೆ ಸಮಾಧಾನವಾಯಿತೆ? ಮದುವೆಯ ಅರಿಸಿನ ಆರುವ ಮೊದಲೇ ತಂದೆಯನ್ನೂ ಮಾವನನ್ನೂ ಕಳೆದುಕೊಂಡ ಲಾವಣ್ಯಗೆ ಆಯಿತೆ? ಧರ್ಮದ ಮಾತು ಹೇಳುವ ಭರದಲ್ಲಿ ಹೆಣ್ಣುಮಕ್ಕಳ ಅಳುವನ್ನು ಹಿಂದಕ್ಕೆ ತಳ್ಳುವುದು ನಮ್ಮ ಪುರಾಣಗಳಲ್ಲಿ ಬಹಳ ನಡೆದುಬಂದಿದೆ. ಅಳುವುದು ನಂಬಿಕೆಗೆ ವಿರುದ್ಧವಲ್ಲ. ಅಂಜಿಕೆಯಾಗುವುದೂ ವಿರುದ್ಧವಲ್ಲ. ಅಂಜಿಕೆಯಾದರೂ ನುಡಿ ತಪ್ಪದೆ ಇರುವುದಕ್ಕೆ ಶರಣರು ನಿಷ್ಠೆ ಎಂದರು.

ಬಸವಣ್ಣನವರು ಕಲ್ಯಾಣವನ್ನು ಬಿಟ್ಟು, ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮಕ್ಕೆ ಹೋದರು. ಕೆಲವರು ಇದನ್ನು ಓಡಿಹೋದರೆಂದು ಆಡುತ್ತಾರೆ. ಭಂಡಾರಿಯ ಪದವಿಯನ್ನು, ಅರಮನೆಯ ಬಾಂಧವ್ಯವನ್ನು ಒಂದೇ ದಿನ ಬಿಸುಟು, ಎಳೆಯ ವಯಸ್ಸಿನಲ್ಲಿ ತಾವು ಹೊರಟ ನದಿತೀರಕ್ಕೆ ಬರಿಗೈಯಲ್ಲಿ ಮರಳುವುದು ಓಡಿಹೋಗುವುದಲ್ಲ. ಅರಸನ ಅನ್ನವನ್ನು ಇನ್ನು ಮುಟ್ಟೆನೆಂಬ ಉತ್ತರ ಅದು. ಅಲ್ಲಿಯೇ ಅವರು ಲಿಂಗೈಕ್ಯರಾದರು. 1167 ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಇತ್ತ ಕಲ್ಯಾಣದಲ್ಲಿ ಇನ್ನೊಂದು ನಡೆಯಿತು. ಜಗದೇವನೆಂಬ ಶರಣನು ಮಲ್ಲಯ್ಯ, ಬೊಮ್ಮಯ್ಯರೊಡನೆ ಅರಮನೆಗೆ ನುಗ್ಗಿ ಬಿಜ್ಜಳನನ್ನು ಇರಿದನೆಂದು ಬಸವಪುರಾಣಗಳಲ್ಲಿದೆ. ಜಗದೇವನ ತಾಯಿ ಅವನಿಗೆ ನಾಯಿಗೆ ಇಕ್ಕುವಂತೆ ಊಟ ಇಕ್ಕಿ, ಶರಣರಿಗೆ ಅಪಮಾನವಾದಾಗ ಸುಮ್ಮನೆ ಕುಳಿತ ನಿನಗೆ ಇದೇ ತಕ್ಕದ್ದೆಂದಳೆಂಬ ಕಥೆಯೂ ಅಲ್ಲಿದೆ. ಜೈನ ಕವಿಗಳ ಕಥೆ ಬೇರೆ; ಅವರು ಬಿಜ್ಜಳನ ಸಾವನ್ನು ಬೇರೆ ರೀತಿ ಹೇಳುತ್ತಾರೆ. ಶಾಸನಗಳಿಂದ ತಿಳಿಯುವುದಿಷ್ಟು: 1167–68ರ ಹೊತ್ತಿಗೆ ಬಿಜ್ಜಳನ ಆಳಿಕೆ ಮುಗಿದು ಅವನ ಮಗ ಸೋವಿದೇವ ಪಟ್ಟಕ್ಕೆ ಬಂದಿದ್ದನು.

ನಮ್ಮಲ್ಲಿ ಜಗದೇವನನ್ನು ವೀರನೆಂದು ಹಾಡುವವರಿದ್ದಾರೆ. ಅವರ ಮನಸ್ಸು ನೋಯಿಸಬೇಕೆಂದಲ್ಲ, ಆದರೂ ಹೇಳಲೇಬೇಕು. ಹರಳಯ್ಯನು ನಿಂತ ನಿಲುವಿಗೂ ಜಗದೇವನ ಕಠಾರಿಗೂ ಬಹಳ ಅಂತರವಿದೆ. ಕಠಾರಿ ಎತ್ತಿದ ಮರುಗಳಿಗೆಯಿಂದ ಶರಣರೆಲ್ಲರೂ ರಾಜದ್ರೋಹಿಗಳಾದರು. ಅಲ್ಲಿಯವರೆಗೆ ಬೀದಿಯಲ್ಲಿ ಎಳೆಸಿದವನು ಅಪರಾಧಿಯಾಗಿದ್ದನು. ಆಮೇಲೆ ಎಳೆಯಿಸಿಕೊಂಡವರೇ ಅಪರಾಧಿಗಳಾದರು. ತಮ್ಮ ಪಾಡಿಗೆ ಕಾಯಕ ಮಾಡಿಕೊಂಡಿದ್ದವರ ಮನೆಗಳ ಮೇಲೆ ಸೈನ್ಯ ಬಂತು. ಬಸವಣ್ಣನವರ ಹೆಸರನ್ನು ಈ ಕೊಲೆಯೊಡನೆ ಕೂಡಿಸಿದ ಗ್ರಂಥಗಳೂ ಇವೆ. ಜೀವವಿಡೀ ದಯೆಯನ್ನು ಬೋಧಿಸಿದ ಪುರುಷನ ನಡೆಗೆ ಅದು ಸ್ವಲ್ಪವೂ ಒಪ್ಪುವುದಿಲ್ಲ.

ಸೈನ್ಯ ಬಂದಾಗ ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ದಂಡು ಕಲ್ಯಾಣದಿಂದ ಹೊರಟಿತು. ಅಕ್ಕನಾಗಮ್ಮನಿದ್ದಳು, ಕಿನ್ನರಿ ಬೊಮ್ಮಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ ಇದ್ದರು. ಬೀದರದ ಬಯಲಿನಿಂದ ಸಹ್ಯಾದ್ರಿಯ ಕಾಡಿನವರೆಗೆ ನೇರ ಗೆರೆ ಎಳೆದರೂ 400 ಕಿಲೋಮೀಟರ್ ದಾರಿ. ಬೆನ್ನ ಹಿಂದೆ ಕುದುರೆಯ ಸೈನ್ಯ. ಇಂಥ ಹೊತ್ತಿನಲ್ಲಿ ಮನುಷ್ಯ ಏನು ಎತ್ತಿಕೊಂಡು ಓಡುತ್ತಾನೆ? ಬಂಗಾರ ಎತ್ತಿಕೊಳ್ಳುತ್ತಾನೆ, ಜೋಳದ ಚೀಲ ಎತ್ತಿಕೊಳ್ಳುತ್ತಾನೆ. ಇವರು ತಾಳೆಯೋಲೆಯ ಕಟ್ಟುಗಳನ್ನು ಎತ್ತಿಕೊಂಡರೆಂದು ಪರಂಪರೆ ಹೇಳುತ್ತದೆ. ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಕಾಳಗವಾಯಿತು. ಕಕ್ಕಯ್ಯನು ಕಕ್ಕೇರಿಯಲ್ಲಿ ಬಿದ್ದನು. ಗಂಗಾಂಬಿಕೆ ಮುಗುಟಖಾನ ಹುಬ್ಬಳ್ಳಿಯ ಹೊಳೆಯಲ್ಲಿ ಐಕ್ಯಳಾದಳು, ನೀಲಾಂಬಿಕೆ ತಂಗಡಗಿಯಲ್ಲಿ. ಒಬ್ಬೊಬ್ಬರನ್ನೇ ದಾರಿಯಲ್ಲಿ ಬಿಟ್ಟು ಓಲೆಯ ಕಟ್ಟು ಮಾತ್ರ ಮುಂದೆ ಹೋಯಿತು. ಉಳವಿಯ ಕಾಡು ಅದನ್ನು ಮುಚ್ಚಿಟ್ಟುಕೊಂಡಿತು. ಚೆನ್ನಬಸವಣ್ಣನವರು ಅಲ್ಲಿಯೇ ಐಕ್ಯರಾದರು.

ಕಲಚುರಿಗಳ ಗತಿ? ಸೋವಿದೇವನ ಬಳಿಕ ಅವನ ತಮ್ಮಂದಿರು ಕೆಲಕೆಲವು ವರ್ಷ ಆಳಿದರು. 1184ರ ಹೊತ್ತಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ರಾಜ್ಯವನ್ನು ಮರಳಿ ಪಡೆದನು. ಕೆಲವೇ ವರ್ಷಗಳಲ್ಲಿ ಅವನನ್ನೂ ಸೇವುಣರು, ಹೊಯ್ಸಳರು ನುಂಗಿದರು. ಹರಳಯ್ಯನನ್ನು ಎಳೆಸಿ ಉಳಿಸಿಕೊಳ್ಳಬೇಕೆಂದ ಸಿಂಹಾಸನ ಇಪ್ಪತ್ತು ವರ್ಷವೂ ಉಳಿಯಲಿಲ್ಲ. 1260ರ ಅರ್ಜುನವಾಡದ ಶಾಸನದಲ್ಲಿ ಬಸವಣ್ಣನವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವಾಗ ಬಿಜ್ಜಳನ ಸಂತತಿಯಲ್ಲಿ ಪಟ್ಟದ ಮೇಲೆ ಯಾರೂ ಇರಲಿಲ್ಲ.

ಓಲೆಯ ಕಟ್ಟುಗಳ ಕಥೆ ಇನ್ನೂ ಉದ್ದವಾಗಿದೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರು ಅವನ್ನು ಹುಡುಕಿ, ಕೂಡಿಸಿ, ನಕಲು ಮಾಡಿದರು. ಆಮೇಲೆ ಮತ್ತೆ ಮಠಗಳ ಜಗುಲಿಯ ಮೇಲೆ, ಮನೆಗಳ ಅಟ್ಟದ ಮೇಲೆ, ಪೂಜೆಯ ಮಾಡದಲ್ಲಿ ಅವು ಮಲಗಿದವು. ವಿಭೂತಿ ಹಚ್ಚಿ ಪೂಜಿಸುವವರಿದ್ದರು, ಬಿಚ್ಚಿ ಓದುವವರಿರಲಿಲ್ಲ. ಬಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಬಿಚ್ಚಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. 1925ರಲ್ಲಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ತಂದಿತು. ಅದರಲ್ಲಿ ಸಮಗಾರನ ಮಾತಿದೆ, ಅಂಬಿಗನ ಮಾತಿದೆ, ಅಕ್ಕಿ ಆಯುವ ಲಕ್ಕಮ್ಮನ ಮಾತಿದೆ.

ಭಾರತ ಹುಣ್ಣಿಮೆಗೆ ಉಳವಿಯ ಜಾತ್ರೆ. ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು, ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿ, ಬುತ್ತಿಯ ಗಂಟು ಇಟ್ಟುಕೊಂಡು, ದಿನಗಟ್ಟಲೆ ಆ ಕಾಡಿನ ದಾರಿಯಲ್ಲಿ ಹೋಗುತ್ತಾರೆ. ಚಕ್ಕಡಿಯಲ್ಲಿ ಮಕ್ಕಳು ನಿದ್ದೆ ಮಾಡುತ್ತಿರುತ್ತಾರೆ. ಕತ್ತಲಾದರೆ ಅಲ್ಲಿಯೇ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತಾರೆ.